ಬೆಂಕಿ ಬಿದ್ದಾಗ ಬಾವಿ ತೋಡಿದವರು: ನೊರಾನಿಕ್ ಹಡಗು ಮತ್ತು ಎರಡನೆಯ ಇಂಜಿನ್ನಿನ ಕಥೆ

ಟೊರಾಂಟೋ ಸುತ್ತಮುತ್ತ ಇರುವವರಿಗೆ ಯಂಗ್ ಸ್ಟ್ರೀಟ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ರಸ್ತೆ ದಕ್ಷಿಣಕ್ಕೆ ಹೋಗಿ ಹೋಗಿ ಒಂಟಾರಿಯೋ ಸರೋವರದ ದಂಡೆಯಲ್ಲಿ, ಕ್ವೀನ್ಸ್ ಕೀ ಹತ್ತಿರ, ನಿಲ್ಲುತ್ತೆ. ಊರಿಂದ ಅಪ್ಪ-ಅಮ್ಮ ಬಂದಾಗ ಸೆಂಟರ್ ಐಲೆಂಡ್ ತೋರಿಸೋಕೆ ಫೆರಿ ಹತ್ತಿಸ್ತೀರಲ್ಲ, ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಬೇಸಿಗೆಯಲ್ಲಿ ಅಲ್ಲಿ ಐಸ್‌ಕ್ರೀಮ್ ಗಾಡಿ, ಸೈಕಲ್ಲು, ಸಾಲಾಗಿ ಕಟ್ಟಿದ ವಿಹಾರ ನೌಕೆಗಳು. 1949ರ ಸೆಪ್ಟೆಂಬರಿನ ಒಂದು ರಾತ್ರಿ ಅದೇ ದಂಡೆಗೆ ಕಟ್ಟಿದ್ದ ಹಡಗೊಂದರಲ್ಲಿ ಸುಮಾರು 120 ಜನ ಬೆಂದು, ಉಸಿರುಗಟ್ಟಿ ಸತ್ತರು. ನಡುಸಮುದ್ರದಲ್ಲಿ ಅಲ್ಲ. ದಡಕ್ಕೆ ಕಟ್ಟಿ ನಿಲ್ಲಿಸಿದ್ದ ಹಡಗಿನಲ್ಲಿ, ನಗರದ ಮುಖ್ಯ ರಸ್ತೆಯ ಕೊನೆಯಲ್ಲಿ.

ಇವತ್ತಿನ ಬರಹ ಆ ಹಡಗಿನ ಬಗ್ಗೆ. ಜೊತೆಗೆ ಇನ್ನೊಂದು ವಿಷಯದ ಬಗ್ಗೆಯೂ ಹೌದು: ಸಮುದ್ರಕ್ಕೆ ಹೋಗುವ ಮೋಟಾರ್ ಯಾಟ್‌ಗಳಲ್ಲಿ ಬೆಂಕಿಗೆ ಏನು ಸಿದ್ಧತೆ ಇರುತ್ತೆ, ಮುಖ್ಯ ಇಂಜಿನ್ ಕೈಕೊಟ್ಟರೆ ಮನೆ ಸೇರೋದು ಹೇಗೆ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು ಅನ್ನಿಸಬಹುದು. ಇತಿಹಾಸ ನೋಡಿದರೆ ಎರಡೂ ಒಂದೇ ಪ್ರಶ್ನೆ. ಬೆಂಕಿಯೂ ಇಂಜಿನ್ನೂ ವಾಸಿಸೋದು ಒಂದೇ ಕೋಣೆಯಲ್ಲಿ.

ಹಾಯಿಯೇ ಮೊದಲ ಬದಲಿ ಇಂಜಿನ್

ಉಗಿ ಹಡಗುಗಳು ಹೊಸದಾಗಿ ಬಂದಾಗ ಯಾರೂ ಇಂಜಿನ್ನನ್ನು ಪೂರ್ತಿ ನಂಬಲಿಲ್ಲ. ಹಾಗಾಗಿ ಹಳೆಯ ಹಾಯಿಗಳನ್ನು ಬಿಚ್ಚಿ ಎಸೆಯಲೂ ಇಲ್ಲ. ಹಾಯಿ ಅಂದ್ರೆ ಗಾಳಿ ಹಿಡಿದು ಹಡಗನ್ನು ಎಳೆಯುವ ಬಟ್ಟೆ. ಅದಕ್ಕೆ ಕಲ್ಲಿದ್ದಲು ಬೇಡ, ಅದು ಸಿಡಿಯೋದೂ ಇಲ್ಲ.

ಕೆನಡಾದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕ್ವಿಬೆಕ್ ನಗರದಲ್ಲಿ ಕಟ್ಟಿದ ರಾಯಲ್ ವಿಲಿಯಂ ಎಂಬ ಹಡಗು 1833ರ ಆಗಸ್ಟಿನಲ್ಲಿ ನೋವಾ ಸ್ಕೋಶಿಯಾದ ಪಿಕ್ಟೂ ಬಂದರಿನಿಂದ ಹೊರಟು ಅಟ್ಲಾಂಟಿಕ್ ದಾಟಿತು. ಹೆಚ್ಚಿನ ದಾರಿಯನ್ನು ಉಗಿಯ ಬಲದಲ್ಲೇ ದಾಟಿದ ಮೊದಲ ಹಡಗುಗಳಲ್ಲಿ ಅದೂ ಒಂದು. ಅದರ ಬಾಯ್ಲರಿಗೆ ಸಮುದ್ರದ ಉಪ್ಪುನೀರೇ ಗತಿ. ಕೆಲವು ದಿನಕ್ಕೊಮ್ಮೆ ಒಳಗೆ ಉಪ್ಪು ಕಟ್ಟಿಕೊಳ್ಳುತ್ತಿತ್ತು. ಆಗ ಬೆಂಕಿ ಆರಿಸಿ, ಹಾಯಿ ಬಿಚ್ಚಿ, ಹಡಗನ್ನು ಗಾಳಿಗೆ ಬಿಟ್ಟು, ಕೂತು ಉಪ್ಪು ಕೆರೆಯಬೇಕು. ನ್ಯೂಫೌಂಡ್‌ಲ್ಯಾಂಡ್ ಬಳಿ ಬಿರುಗಾಳಿಗೆ ಸಿಕ್ಕಿ ಅದರ ಎರಡು ಇಂಜಿನ್‌ಗಳಲ್ಲಿ ಒಂದು ಕೆಟ್ಟಿತು. ಉಳಿದ ಒಂದು ಇಂಜಿನ್, ಜೊತೆಗೆ ಹಾಯಿ. ಹಾಗೇ ಇಂಗ್ಲೆಂಡ್ ಸೇರಿತು.

ಇದನ್ನು ಸ್ವಲ್ಪ ಗಮನಿಸಿ. ಹಾಯಿಯೂ ಇಂಜಿನ್ನೂ ಯಾವುದನ್ನೂ ಹಂಚಿಕೊಳ್ಳುವುದಿಲ್ಲ. ಇಂಧನ ಬೇರೆ, ಜಾಗ ಬೇರೆ, ಕೆಡುವ ರೀತಿ ಬೇರೆ. ಒಂದು ಹೋದರೆ ಇನ್ನೊಂದು ಉಳಿಯೋದು ಅದಕ್ಕೇ. ಮುಂದಿನ ನೂರು ವರ್ಷಗಳಲ್ಲಿ ಇಂಜಿನ್‌ಗಳ ಮೇಲೆ ಭರವಸೆ ಬೆಳೆಯಿತು, ಹಾಯಿ ಮಾಯವಾಯಿತು. ಅದರ ಜೊತೆ ಈ ಬೇರೆತನದ ಪಾಠವೂ ನಿಧಾನವಾಗಿ ಮರೆತುಹೋಯಿತು.

ಸರೋವರಗಳ ಇಬ್ಬರು ಸೋದರಿಯರು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ-ಕೆನಡಾ ನಡುವಿನ ಮಹಾ ಸರೋವರಗಳಲ್ಲಿ ವಿಹಾರ ಹಡಗುಗಳು ಓಡಾಡುತ್ತಿದ್ದವು. ಈಗಿನ ಕ್ರೂಸ್ ಇದ್ದ ಹಾಗೆ ಅಂದುಕೊಳ್ಳಿ: ಊಟದ ಹಾಲ್, ಸಂಗೀತ, ನೃತ್ಯ, ಮರದ ಹೊಳೆಯುವ ಗೋಡೆಗಳು. ಕೆನಡಾ ಸ್ಟೀಮ್‌ಶಿಪ್ ಲೈನ್ಸ್ ಕಂಪನಿಯ ಹ್ಯಾಮೋನಿಕ್ ಮತ್ತು ನೊರಾನಿಕ್ ಇವುಗಳಲ್ಲಿ ಹೆಸರಾದವು. ನೊರಾನಿಕ್ ದೊಡ್ಡದು. 1913ರಲ್ಲಿ ಈಗಿನ ಥಂಡರ್ ಬೇ ಊರಿನಲ್ಲಿ ನೀರಿಗಿಳಿಯಿತು. ಉದ್ದ 362 ಅಡಿ, ಐದು ಡೆಕ್. ಜನ ಅದನ್ನು ಸರೋವರಗಳ ರಾಣಿ ಎಂದೇ ಕರೆಯುತ್ತಿದ್ದರು.

ಮೊದಲು ಹ್ಯಾಮೋನಿಕ್ ಕಥೆ ಕೇಳಿ. 1945ರ ಜುಲೈ 17ರ ಬೆಳಿಗ್ಗೆ ಅದು ಸಾರ್ನಿಯಾ ಹತ್ತಿರದ ಪಾಯಿಂಟ್ ಎಡ್ವರ್ಡ್ ಧಕ್ಕೆಯಲ್ಲಿ ನಿಂತಿತ್ತು. ಮಂಗಳೂರು ಕಡೆಯವರಿಗೆ ಧಕ್ಕೆ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ, ದೋಣಿ-ಹಡಗು ಕಟ್ಟುವ ಕಟ್ಟೆ. ಧಕ್ಕೆಯ ಗೋದಾಮಿಗೆ ಬೆಂಕಿ ಬಿತ್ತು, ಗಾಳಿ ಅದನ್ನು ಹಡಗಿನ ಮೇಲೆ ತಂದಿತು. ಹಡಗಿನಲ್ಲಿ ನೂರಾರು ಜನ. ಕ್ಯಾಪ್ಟನ್ ಹೊರೇಸ್ ಬೀಟನ್ ಮಾಡಿದ್ದು ಒಂದೇ ಕೆಲಸ: ಇಂಜಿನ್ ಓಡಿಸಿ, ಉರಿಯುತ್ತಿರುವ ಧಕ್ಕೆಯಿಂದ ಹಡಗನ್ನು ಬಿಡಿಸಿ, ನದಿಯಲ್ಲಿ ಸ್ವಲ್ಪ ಮೇಲಕ್ಕೆ ಕೊಂಡೊಯ್ದು ಮುಂಭಾಗವನ್ನು ದಂಡೆಗೆ ನುಗ್ಗಿಸಿದರು. ಇಂಜಿನ್ ಕೋಣೆಯವರು ಕೆಳಗೇ ಇದ್ದು ಕೆಲಸ ಮಾಡಿದರು. ದಂಡೆಯಲ್ಲಿ ಕಲ್ಲಿದ್ದಲು ಎತ್ತುವ ಕ್ರೇನ್ ಇತ್ತು. ಅದರ ಚಾಲಕ ಕಲ್ಲಿದ್ದಲಿನ ಬಕೆಟ್ಟನ್ನೇ ಹಡಗಿನತ್ತ ಚಾಚಿ, ಜನರನ್ನು ತುಂಬಿಸಿ ತುಂಬಿಸಿ ಇಳಿಸಿದ. ಹಡಗು ಸುಟ್ಟುಹೋಯಿತು, ಜನ ಹೆಚ್ಚುಕಡಿಮೆ ಎಲ್ಲರೂ ಬದುಕಿದರು.

ಬೆಂಕಿ ಬಿದ್ದ ಹೊತ್ತಿನಲ್ಲೂ ಇಂಜಿನ್ ಅವರ ಕೈಯಲ್ಲಿತ್ತು. ಹಗಲಿತ್ತು, ಜನ ಎಚ್ಚರವಾಗಿದ್ದರು. ಆ ದಿನ ಪ್ರಾಣ ಉಳಿಸಿದ್ದು ಇವೇ. ಆದರೆ ಕಂಪನಿಯವರಿಗೆ ಅದು ದೊಡ್ಡ ಎಚ್ಚರಿಕೆಯಾಗಿ ಕೇಳಿಸಲಿಲ್ಲ. ಬಹುಶಃ ಎಲ್ಲರೂ ಬದುಕಿದ್ದರಿಂದಲೇ ಇರಬಹುದು.

ಸೆಪ್ಟೆಂಬರ್ 17, ಬೆಳಗಿನ ಜಾವ 2:30

ನಾಲ್ಕು ವರ್ಷ ಕಳೆಯಿತು. 1949ರ ಸೆಪ್ಟೆಂಬರ್ 14ರಂದು ನೊರಾನಿಕ್ ಡೆಟ್ರಾಯಿಟ್‌ನಿಂದ ಏಳು ದಿನದ ವಿಹಾರಕ್ಕೆ ಹೊರಟಿತು. ಕ್ಲೀವ್‌ಲ್ಯಾಂಡ್‌ನಲ್ಲೂ ಜನ ಹತ್ತಿದರು. 524 ಪ್ರಯಾಣಿಕರು, ಹೆಚ್ಚಿನವರು ಅಮೆರಿಕದವರು. 171 ಸಿಬ್ಬಂದಿ. ಕ್ಯಾಪ್ಟನ್ ವಿಲಿಯಂ ಟೇಲರ್. 16ನೇ ತಾರೀಕು ಸಂಜೆ ಟೊರಾಂಟೋ ಬಂದರಿನ ಒಂಬತ್ತನೇ ಕಟ್ಟೆಗೆ ಬಂದು ಕಟ್ಟಿಕೊಂಡಿತು. ರಾತ್ರಿ ಅಲ್ಲೇ ವಾಸ. ಸಿಬ್ಬಂದಿಯಲ್ಲಿ ಬಹಳ ಜನ ಊರು ಸುತ್ತೋಕೆ ಇಳಿದು ಹೋದರು. ಹಡಗಿನಲ್ಲಿ ಕೆಲಸದ ಮೇಲೆ ಉಳಿದವರು ಸುಮಾರು 15 ಜನ ಮಾತ್ರ.

ಬೆಳಗಿನ ಜಾವ ಎರಡೂವರೆಗೆ ಸಿ ಡೆಕ್‌ನಲ್ಲಿ ಒಬ್ಬ ಪ್ರಯಾಣಿಕನಿಗೆ ಹೊಗೆ ವಾಸನೆ ಬಂತು. ವಾಸನೆ ಹಿಡಿದು ಹೋದರೆ, ಹಾಸಿಗೆ ಬಟ್ಟೆ ಇಡುವ ಚಿಕ್ಕ ಕೋಣೆಯ ಬಾಗಿಲ ಸಂದಿಯಿಂದ ಹೊಗೆ. ಬಾಗಿಲಿಗೆ ಬೀಗ. ಆತ ಒಬ್ಬ ಬೆಲ್‌ಬಾಯ್‌ನನ್ನು ಕರೆದ. ಬೆಲ್‌ಬಾಯ್ ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಕೀಲಿಕೈ ತರೋಕೆ ಕೆಳಗಿನ ಡೆಕ್‌ಗೆ ಓಡಿದ. ಕೀಲಿಕೈ ಬಂತು, ಬಾಗಿಲು ತೆಗೆದರು, ಒಳಗೆ ಉಸಿರುಗಟ್ಟಿದ್ದ ಬೆಂಕಿಗೆ ಗಾಳಿ ಸಿಕ್ಕಿತು. ಜ್ವಾಲೆ ಹೊರಕ್ಕೆ ನುಗ್ಗಿತು. ಮೂವತ್ತೈದು ವರ್ಷ ನಿಂಬೆ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಹೊಳಪಿಸಿದ್ದ ಮರದ ಗೋಡೆಗಳು, ಅದೂ ಉದ್ದನೆಯ ಓಣಿಗಳಲ್ಲಿ. ಬೆಂಕಿಗೆ ಇನ್ನೇನು ಬೇಕು?

ಗೋಡೆಗೆ ತಗುಲಿಸಿದ್ದ ನೀರಿನ ಪೈಪ್ ಎಳೆದು ತಿರುಗಿಸಿದರು. ನೀರು ಬರಲಿಲ್ಲ. ಸುದ್ದಿ ಕ್ಯಾಪ್ಟನ್ನರಿಗೆ ಮುಟ್ಟಿ ಹಡಗಿನ ಸೀಟಿ ಕೂಗುವ ಹೊತ್ತಿಗೆ 2:38. ಎಂಟು ನಿಮಿಷ ಹೋಗಿತ್ತು. ಸೀಟಿ ಸಿಕ್ಕಿಹಾಕಿಕೊಂಡು ಎಡೆಬಿಡದೆ ಅರಚುತ್ತಲೇ ಇತ್ತು. ಮಲಗಿದ್ದವರನ್ನು ಕೋಣೆ ಕೋಣೆಗೆ ಹೋಗಿ ಎಬ್ಬಿಸೋಕೆ ಸಾಕಷ್ಟು ಜನರಿಲ್ಲ. ಐದು ಡೆಕ್‌ಗಳ ಹಡಗಿನಿಂದ ದಡಕ್ಕೆ ಇಳಿಯುವ ದಾರಿ ಇದ್ದದ್ದು ಎಲ್ಲಕ್ಕಿಂತ ಕೆಳಗಿನ ಇ ಡೆಕ್‌ನಲ್ಲಿ ಮಾತ್ರ. ಮೇಲಿನವರು ಉರಿಯುತ್ತಿರುವ ಮೆಟ್ಟಿಲಿಳಿದು ಅಲ್ಲಿಗೆ ಹೋಗಬೇಕು. ಹೋಗಲಾಗದವರು ಹಗ್ಗ ಹಿಡಿದು ಜಾರಿದರು, ನೀರಿಗೆ ಹಾರಿದರು, ಕೆಲವರು ಕಟ್ಟೆಯ ಮೇಲೇ ಹಾರಿದರು.

ಅಗ್ನಿಶಾಮಕದ ಮೊದಲ ಗಾಡಿ ಕರೆ ಹೋದ ಕೆಲವೇ ನಿಮಿಷದಲ್ಲಿ ಬಂತು. ಏಣಿ ಚಾಚಿದರು. ಭಯಗೊಂಡ ಜನ ಒಟ್ಟಿಗೇ ನುಗ್ಗಿದ್ದಕ್ಕೆ ಏಣಿ ಮುರಿದು ಜನ ನೀರಿಗೆ ಬಿದ್ದರು. ತಡರಾತ್ರಿ ಪಾಳಿ ಮುಗಿಸಿ ಆ ಕಡೆ ಬಂದಿದ್ದ ಒಬ್ಬ ಕಾರ್ಖಾನೆ ಕೆಲಸಗಾರ, ಬಣ್ಣ ಬಳಿಯುವವರ ತೆಪ್ಪವೊಂದನ್ನು ಹಡಗಿನ ಹತ್ತಿರ ತಳ್ಳಿಕೊಂಡು ಹೋಗಿ ನೀರಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಮೇಲೆಳೆದ. ಪಂಪ್ ಮಾಡಿದ ನೀರಿನ ಭಾರಕ್ಕೆ ಹಡಗು ಬಂದರಿನ ತಳಕ್ಕೆ ಕೂತಿತು. ಬೆಳಿಗ್ಗೆ ಐದರ ಹೊತ್ತಿಗೆ ಬೆಂಕಿ ಆರಿತು.

ಸತ್ತವರ ಲೆಕ್ಕ ಇವತ್ತಿಗೂ ಒಂದೇ ಅಂಕಿಗೆ ನಿಂತಿಲ್ಲ. 118 ರಿಂದ 139ರವರೆಗೆ ಹೇಳುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಪ್ರಯಾಣಿಕರು. ಎಕ್ಸಿಬಿಷನ್ ಮೈದಾನದ ಹಾರ್ಟಿಕಲ್ಚರ್ ಕಟ್ಟಡವನ್ನೇ ಶವಾಗಾರ ಮಾಡಿದರು. ಗುರುತು ಹಿಡಿಯೋಕೆ ಹಲ್ಲಿನ ದಾಖಲೆ, ಎಕ್ಸ್-ರೇ ಹುಡುಕಿ ತರಿಸಿದರು. ದೊಡ್ಡ ದುರಂತವೊಂದರಲ್ಲಿ ಈ ವಿಧಾನವನ್ನು ಇಷ್ಟು ವ್ಯಾಪಕವಾಗಿ ಬಳಸಿದ ಮೊದಮೊದಲ ಸಂದರ್ಭ ಅದು. ಗುರುತು ಸಿಗದವರ ನೆನಪಿನ ಕಲ್ಲು ಮೌಂಟ್ ಪ್ಲೆಸೆಂಟ್ ಸ್ಮಶಾನದಲ್ಲಿದೆ.

ತನಿಖೆ ಕಂಡದ್ದು

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರಾಯ್ ಕೆಲಾಕ್ ಅವರಿಗೆ ತನಿಖೆ ವಹಿಸಲಾಯಿತು. ಬೆಂಕಿ ಹೇಗೆ ಹತ್ತಿತು ಅನ್ನೋದು ಖಚಿತವಾಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೇರೆ: ರಾತ್ರಿ ಗಸ್ತು ಸರಿಯಾಗಿಲ್ಲ, ಸಿಬ್ಬಂದಿಗೆ ತರಬೇತಿ ಇಲ್ಲ, ತಪ್ಪಿಸಿಕೊಳ್ಳುವ ದಾರಿ ಪ್ರಯಾಣಿಕರಿಗೆ ಹೇಳಿಕೊಟ್ಟಿಲ್ಲ. ಕ್ಯಾಪ್ಟನ್ನರ ಪರವಾನಗಿಯನ್ನು ಒಂದು ವರ್ಷ ಅಮಾನತಿನಲ್ಲಿಟ್ಟರು. ಕಂಪನಿ ಪರಿಹಾರವಾಗಿ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿತು.

ಆಮೇಲೆ ಕೆನಡಾದ ನಿಯಮಗಳು ಬಿಗಿಯಾದವು. ಬೆಂಕಿ ತಡೆಯುವ ಗೋಡೆಗಳು, ತಾನಾಗಿ ಕೂಗುವ ಎಚ್ಚರಿಕೆ, ಸ್ಪ್ರಿಂಕ್ಲರ್, ರಾತ್ರಿ ಗಸ್ತು. ಹಳೆಯ ಹಡಗುಗಳಿಗೆ ಇದನ್ನೆಲ್ಲ ಅಳವಡಿಸುವ ಖರ್ಚು ದುಬಾರಿಯಾಯಿತು. ಸರೋವರಗಳ ಆ ವಿಹಾರ ಹಡಗುಗಳ ಕಾಲ ಮುಗಿಯೋಕೆ ಇದೂ ಒಂದು ಕಾರಣ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಹಡಗಿನ ನಿಯಮಗಳ ಇತಿಹಾಸವೇ ಅದು. ಪ್ರತಿಯೊಂದು ಬಾವಿಯ ಹಿಂದೆಯೂ ಸುಟ್ಟ ಮನೆಯೊಂದಿದೆ.

ಈಗ ನೊರಾನಿಕ್‌ನ ಕೊರತೆಗಳನ್ನು ಇನ್ನೊಮ್ಮೆ ನೋಡಿ. ಹಡಗಿನಲ್ಲಿ ಪೈಪ್ ಇರಲಿಲ್ಲ ಅಂತಲ್ಲ, ಸೀಟಿ ಇರಲಿಲ್ಲ ಅಂತಲ್ಲ, ಬಾಗಿಲು ಇರಲಿಲ್ಲ ಅಂತಲ್ಲ. ಎಲ್ಲ ಇತ್ತು. ಆದರೆ ಎಲ್ಲವೂ ಯಾವುದೋ ಒಂದೇ ಒಂದರ ಮೇಲೆ ನಿಂತಿತ್ತು: ಒಂದು ಕೀಲಿಕೈ, ಇಳಿಯಲು ಒಂದು ಡೆಕ್, ಎಬ್ಬಿಸಲು ಒಂದು ಸೀಟಿ. ಆ ಒಂದು ತಪ್ಪಿದರೆ ಎಲ್ಲವೂ ತಪ್ಪಿತು.

ಎರಡು ಇಂಜಿನ್, ಒಂದೇ ಕೋಣೆ

ಈಗ ಇವತ್ತಿನ ಯಾಟ್‌ಗಳಿಗೆ ಬರೋಣ. ಪೋರ್ಟ್ ಕ್ರೆಡಿಟ್, ಬ್ರಾಂಟೆ, ವಿಟ್ಬಿ ಕಡೆಯ ಮರೀನಾಗಳಲ್ಲಿ ನೀವು ನೋಡುವ ದೋಣಿಗಳಲ್ಲಿ ಹೆಚ್ಚಿನವು ಸರೋವರ ಬಿಟ್ಟು ಹೋಗೋದಿಲ್ಲ. ಆದರೆ ದಾರಿ ಇದೆ: ಸೇಂಟ್ ಲಾರೆನ್ಸ್ ನದಿ ಹಿಡಿದು ಹೋದರೆ ಮಿಸಿಸಾಗಾದಿಂದ ಅಟ್ಲಾಂಟಿಕ್‌ವರೆಗೆ ನೀರಿನಲ್ಲೇ ಹೋಗಬಹುದು. ಹಾಗೆ ಹೊರಡುವ ಮೋಟಾರ್ ಯಾಟ್ ಬೇರೆಯೇ ಜಾತಿ. ಸಾವಿರಾರು ಮೈಲಿಗೆ ಸಾಲುವ ಡೀಸೆಲ್, ಕೊನೆಗೆ ಯಾರ ಸಹಾಯವೂ ಸಿಗದ ದೂರ.

ಈ ಬಗೆಯ ಪಯಣಕ್ಕೆ ಹೆಸರು ತಂದವರು ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದ ರಾಬರ್ಟ್ ಬೀಬಿ. 1963ರಲ್ಲಿ ಸಿಂಗಪುರದಲ್ಲಿ ಪ್ಯಾಸೇಜ್‌ಮೇಕರ್ ಎಂಬ ದೋಣಿ ಕಟ್ಟಿಸಿದರು. ಅದಕ್ಕೆ ಒಂದೇ ಡೀಸೆಲ್ ಇಂಜಿನ್. ಅದು ಕೆಟ್ಟರೆ? ಹಾಯಿ. ರಾಯಲ್ ವಿಲಿಯಂನ ಉಪಾಯವೇ.

ಆಮೇಲಿನವರು ಹಾಯಿಯ ಬದಲು ಚಿಕ್ಕದೊಂದು ಎರಡನೇ ಇಂಜಿನ್ ಇಡುವ ಪದ್ಧತಿ ತಂದರು. ಇದನ್ನು ವಿಂಗ್ ಇಂಜಿನ್ ಅಥವಾ ಗೆಟ್-ಹೋಮ್ ಇಂಜಿನ್ ಅಂತಾರೆ. ಹೆಸರೇ ಹೇಳುವ ಹಾಗೆ, ಮನೆ ಸೇರಿಸುವ ಇಂಜಿನ್. ನಾಲ್ಕೈದು ನಾಟ್, ಅಂದ್ರೆ ಗಂಟೆಗೆ ಏಳರಿಂದ ಒಂಬತ್ತು ಕಿಲೋಮೀಟರ್ ವೇಗ. ಆರಾಮವಿಲ್ಲ, ಆದರೆ ದೋಣಿಯ ಮೂತಿ ಅಲೆಗೆ ಎದುರಾಗಿ ನಿಲ್ಲುತ್ತೆ, ಬಂಡೆಯತ್ತ ತೇಲಿ ಹೋಗೋದು ತಪ್ಪುತ್ತೆ. ಅದಕ್ಕೆ ತನ್ನದೇ ಶಾಫ್ಟ್, ತನ್ನದೇ ಪ್ರೊಪೆಲ್ಲರ್, ತನ್ನದೇ ಇಂಧನದ ಟ್ಯಾಂಕ್, ತನ್ನದೇ ಬ್ಯಾಟರಿ ಇರಬೇಕು. ಯಾಕೆ? ಡೀಸೆಲ್‌ಗೆ ನೀರು ಅಥವಾ ಕೊಳೆ ಸೇರಿದರೆ ಅದೇ ಟ್ಯಾಂಕಿನಿಂದ ಕುಡಿಯುವ ಎಲ್ಲ ಇಂಜಿನ್‌ಗಳೂ ಒಂದರ ಹಿಂದೆ ಒಂದು ನಿಲ್ಲುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿಯುತ್ತೆ: ಬೆಂಕಿ. ಹೆಚ್ಚಿನ ದೋಣಿಗಳಲ್ಲಿ ದೊಡ್ಡ ಇಂಜಿನ್, ಚಿಕ್ಕ ಇಂಜಿನ್, ಜನರೇಟರ್ ಮೂರೂ ಒಂದೇ ಕೋಣೆಯಲ್ಲಿ. ಎರಡು ಸಮಾನ ಇಂಜಿನ್ ಇರುವ ಯಾಟ್‌ಗಳಲ್ಲೂ ಅಷ್ಟೇ, ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಡೀಸೆಲ್ ಪಾತ್ರೆಯಲ್ಲಿ ನಿಂತಿದ್ದರೆ ಸುಲಭಕ್ಕೆ ಹತ್ತಿಕೊಳ್ಳೋದಿಲ್ಲ. ಆದರೆ ಒತ್ತಡದ ಪೈಪ್ ಬಿರುಕು ಬಿಟ್ಟು ಮಂಜಿನ ಹಾಗೆ ಸಿಂಪಡಿಸಿ, ಅದು ಕಾದ ಟರ್ಬೋಚಾರ್ಜರ್ ಮೇಲೆ ಬಿದ್ದರೆ ಕ್ಷಣ ಸಾಕು. ದೊಡ್ಡ ಹಡಗುಗಳಲ್ಲಿ 220 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುವ ಮೇಲ್ಮೈಗಳಿಗೆ ಶಾಖ ತಡೆಯುವ ಹೊದಿಕೆ ಇರಲೇಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮ ಇದಕ್ಕೇ ಬಂದದ್ದು.

ಇಂಜಿನ್ ಕೋಣೆಯ ಬೆಂಕಿ ಆರಿಸೋಕೆ ಅನಿಲ ಬಿಡುತ್ತಾರೆ. ಹಿಂದೆ ಹ್ಯಾಲಾನ್ ಬಳಸುತ್ತಿದ್ದರು. ಅದು ಓಝೋನ್ ಪದರಕ್ಕೆ ಹಾನಿ ಅಂತ, 1987ರಲ್ಲಿ ನಮ್ಮ ಪಕ್ಕದ ಮಾಂಟ್ರಿಯಲ್‌ನಲ್ಲೇ ಆದ ಒಪ್ಪಂದದ ಮೂಲಕ ಅದರ ತಯಾರಿಕೆ ನಿಂತಿತು. ಈಗ ಬೇರೆ ಅನಿಲಗಳಿವೆ. ಯಾವುದೇ ಆಗಲಿ, ಕೆಲಸ ಮಾಡಬೇಕಾದರೆ ಕೋಣೆ ಮುಚ್ಚಿರಬೇಕು, ಗಾಳಿಯ ಕಿಂಡಿಗಳು ಮುಚ್ಚಿರಬೇಕು, ಇಂಜಿನ್ ನಿಂತಿರಬೇಕು. ಓಡುತ್ತಿರುವ ಡೀಸೆಲ್ ಇಂಜಿನ್ ಆ ಅನಿಲವನ್ನೇ ಹೀರಿ ಹೊರಗೆ ಉಗುಳುತ್ತೆ. ಹಾಗಾಗಿ ಅನಿಲ ಬಿಡುವ ವ್ಯವಸ್ಥೆಗೆ ಇಂಜಿನ್ ತಾನಾಗಿ ನಿಲ್ಲುವ ಜೋಡಣೆ ಇರುತ್ತೆ.

ಅರ್ಥ ಏನಾಯ್ತು? ಬೆಂಕಿ ಆರಿಸುವ ಕ್ರಮವೇ ನಿಮ್ಮ ಇಂಜಿನ್ನನ್ನು ಕಿತ್ತುಕೊಳ್ಳುತ್ತೆ. ಅದೇ ಕೋಣೆಯಲ್ಲಿರುವ ಮನೆ ಸೇರಿಸುವ ಇಂಜಿನ್ನನ್ನೂ ಸೇರಿಸಿ. ಕೆಟ್ಟ ಇಂಧನಕ್ಕೆ ಅದು ಉತ್ತರ, ಮುರಿದ ಗೇರಿಗೆ ಉತ್ತರ, ಬೆಂಕಿಗೆ ಉತ್ತರ ಅಲ್ಲ. ಮನೆಯ ಎರಡು ಕೀಲಿಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ ಹಾಗೆ. ಗೊಂಚಲು ಕಳೆದರೆ?

ದೊಡ್ಡ ಹಡಗುಗಳೂ ಎಡವಿದ್ದು ಇಲ್ಲೇ

2010ರ ನವೆಂಬರ್ 8ರಂದು ಕಾರ್ನಿವಲ್ ಸ್ಪ್ಲೆಂಡರ್ ಎಂಬ ಕ್ರೂಸ್ ಹಡಗು ಮೆಕ್ಸಿಕೋ ತೀರದಾಚೆ ಸಾಗುತ್ತಿತ್ತು. ಸುಮಾರು 4,500 ಜನ. ಆರು ಇಂಜಿನ್‌ಗಳು, ಅದೂ ಎರಡು ಬೇರೆ ಬೇರೆ ಕೋಣೆಗಳಲ್ಲಿ. ಒಂದು ಇಂಜಿನ್ ಒಡೆದು ಬೆಂಕಿ ಹತ್ತಿತು. ಇನ್ನೊಂದು ಕೋಣೆಯ ಇಂಜಿನ್‌ಗಳಿಗೆ ಏನೂ ಆಗಿರಲಿಲ್ಲ. ಆದರೆ ಬೆಂಕಿ ಸುಟ್ಟದ್ದು ವಿದ್ಯುತ್ ಹಂಚುವ ಕೇಬಲ್‌ಗಳನ್ನು. ಇಂಜಿನ್ ಇದ್ದೂ ಹಡಗು ಅಲುಗಾಡಲಿಲ್ಲ. ಸ್ಯಾನ್ ಡಿಯಾಗೋಗೆ ಎಳೆದು ತರಬೇಕಾಯಿತು. ಅದೇ ವರ್ಷದ ಜುಲೈ 1ರಿಂದ ಹೊಸ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಒಂದು ನಿಯಮ ಜಾರಿಗೆ ಬಂದಿತ್ತು: ಒಂದು ವಿಭಾಗ ಸುಟ್ಟರೂ ಹಡಗು ಸ್ವಂತ ಬಲದಲ್ಲಿ ಬಂದರಿಗೆ ಮರಳುವಂತಿರಬೇಕು. ಸ್ಪ್ಲೆಂಡರ್ ಅದಕ್ಕೂ ಮುಂಚೆ ಕಟ್ಟಿದ್ದು. 120 ಮೀಟರ್ ಅಥವಾ ಅದಕ್ಕೂ ಉದ್ದದ ಪ್ರಯಾಣಿಕ ಹಡಗುಗಳಿಗೆ ಈ ನಿಯಮ ಅನ್ವಯ. ಖಾಸಗಿ ಯಾಟ್‌ಗಳನ್ನು ಅದು ಮುಟ್ಟೋದಿಲ್ಲ. ಅಲ್ಲಿ ಯಜಮಾನನ ವಿವೇಕವೇ ನಿಯಮ.

ಬಾಗಿಲುಗಳ ವಿಷಯದಲ್ಲೂ ಇದೇ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್ ದ್ವೀಪದ ಬಳಿ ಲಂಗರು ಹಾಕಿದ್ದ ಕನ್ಸೆಪ್ಷನ್ ಎಂಬ ಡೈವಿಂಗ್ ದೋಣಿಗೆ ಬೆಂಕಿ ಬಿತ್ತು. ಕೆಳಗೆ ಮಲಗಿದ್ದ 34 ಜನರಲ್ಲಿ ಒಬ್ಬರೂ ಬದುಕಲಿಲ್ಲ. ಅಲ್ಲಿಂದ ಹೊರಬರಲು ಎರಡು ದಾರಿಗಳಿದ್ದವು. ಎರಡೂ ತೆರೆಯುತ್ತಿದ್ದದ್ದು ಒಂದೇ ಕೋಣೆಗೆ, ಉರಿಯುತ್ತಿದ್ದ ಆ ಮೇಲಿನ ಕೋಣೆಗೆ. ರಾತ್ರಿ ಗಸ್ತು ಇರಲಿಲ್ಲ ಎಂದು ತನಿಖೆ ಹೇಳಿತು. ನೊರಾನಿಕ್ ಆಗಿ 70 ವರ್ಷ ಕಳೆದಿತ್ತು.

ನಮ್ಮ ಕರಾವಳಿಯೂ ಇದನ್ನು ಕಂಡಿದೆ. 2025ರ ಜೂನ್ 9ರಂದು ಕೇರಳದ ತೀರದಾಚೆ ವಾನ್ ಹೈ 503 ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. 22 ಸಿಬ್ಬಂದಿಯಲ್ಲಿ 18 ಜನರನ್ನು ಐಎನ್ಎಸ್ ಸೂರತ್ ಮಂಗಳೂರಿಗೆ ತಂದಿತು, ನಾಲ್ವರು ಕಾಣೆಯಾದರು. ಜನ ಬಿಟ್ಟುಹೋದ ಹಡಗು ಉರಿಯುತ್ತಲೇ ತೇಲತೊಡಗಿತು. ಮಳೆಗಾಲದ ಗಾಳಿ ಅದನ್ನು ದಡದ ಕಡೆಗೇ ತಳ್ಳುತ್ತಿತ್ತು. ಕರಾವಳಿ ಕಾವಲು ಪಡೆಯವರು ಅದಕ್ಕೆ ಹಗ್ಗ ಬಿಗಿದು ಸಮುದ್ರದಾಚೆಗೆ ಎಳೆಯಬೇಕಾಯಿತು. ಬೆಂಕಿ ಬಿದ್ದ ಹಡಗು ಅಪಾಯ. ಚಲನೆ ಕಳೆದುಕೊಂಡ ಬೆಂಕಿಯ ಹಡಗು ದಡದಲ್ಲಿರುವವರಿಗೂ ಅಪಾಯ.

ಹತ್ತುವ ಮೊದಲು ಕೇಳಿ

ನೀವು ಯಾಟ್ ಕೊಳ್ಳದಿರಬಹುದು. ಆದರೆ ಮಗನ ಗ್ರಾಜುಯೇಷನ್‌ಗೆ, ಸ್ನೇಹಿತರ ಮದುವೆ ವಾರ್ಷಿಕೋತ್ಸವಕ್ಕೆ ಟೊರಾಂಟೋ ಬಂದರಿನಲ್ಲಿ ಬೋಟ್ ಬಾಡಿಗೆ ಹಿಡಿಯೋದು ಈಗ ಸಾಮಾನ್ಯ. ಹತ್ತಿದ ಕೂಡಲೇ ಫೋಟೋ ತೆಗೆಯುವ ಮೊದಲು ಕೆಲವು ಪ್ರಶ್ನೆ ಕೇಳಬಹುದು. ಕೆಳಗಿನ ಕೋಣೆಯಿಂದ ಹೊರಬರಲು ಎರಡನೇ ದಾರಿ ಎಲ್ಲಿದೆ, ಅದು ಎಲ್ಲಿಗೆ ತೆರೆಯುತ್ತೆ? ಬೆಂಕಿ ಆರಿಸುವ ಸಾಧನ ಇಂಜಿನ್ ಕೋಣೆಯ ಒಳಗಿದೆಯೋ ಹೊರಗಿದೆಯೋ? ಇಂಜಿನ್ ನಿಂತರೆ ಲಂಗರು ತಕ್ಷಣ ಬಿಡೋಕೆ ಆಗುತ್ತಾ? ರಾತ್ರಿ ತಂಗುವುದಾದರೆ ಯಾರು ಎಚ್ಚರ ಇರ್ತಾರೆ? ಲೈಫ್ ಜಾಕೆಟ್ ಎಲ್ಲಿದೆ ಅನ್ನೋದಂತೂ ಇದ್ದೇ ಇದೆ. ಕೇಳಿದರೆ ಒಳ್ಳೆಯ ಕ್ಯಾಪ್ಟನ್ ಬೇಜಾರು ಮಾಡಿಕೊಳ್ಳೋದಿಲ್ಲ, ಖುಷಿಪಡ್ತಾರೆ.

ಹೊಗೆ ವಾಸನೆ ಬಂದರೆ ಮಾತ್ರ ಕೀಲಿಕೈ ಹುಡುಕಿಕೊಂಡು ಹೋಗಬೇಡಿ. ಮೊದಲು ಕೂಗಿ, ಎಲ್ಲರನ್ನೂ ಎಬ್ಬಿಸಿ. ಬಾಗಿಲು ತೆಗೆಯೋದು ಆಮೇಲೆ.